ಕವಾಟಕ್ಕೆ ಸುಣ್ಣ ಕಟ್ಟಿದರೆ ಕೊಲೆಸ್ಟ್ರಾಲ್ ಮಾತ್ರೆ ಏನು ಮಾಡುತ್ತದೆ?

ಅರವತ್ತು ದಾಟಿದವರ ಎಕೋ ರಿಪೋರ್ಟಿನ ಕೊನೆಯಲ್ಲಿ ಆಗಾಗ ಕಾಣುವ ಒಂದು ಸಾಲಿದೆ: ‘ಅಯೋರ್ಟಿಕ್ ವಾಲ್ವ್ ಸ್ಕ್ಲೆರೋಟಿಕ್, ಮೈಲ್ಡ್ ಎ.ಎಸ್.’ ಬಿ.ಪಿ. ತೋರಿಸಲು ಹೋದವರಿಗೋ, ಕಣ್ಣಿನ ಪೊರೆ ಆಪರೇಷನ್ನಿಗೆ ಮುಂಚೆ ಹೃದಯ ತಪಾಸಣೆ ಮಾಡಿಸಿದವರಿಗೋ ಅಕಸ್ಮಾತ್ತಾಗಿ ಸಿಗುವ ಸುದ್ದಿ ಇದು. ‘ಸದ್ಯಕ್ಕೆ ಏನೂ ಮಾಡಬೇಕಿಲ್ಲ, ಆಮೇಲೆ ಮತ್ತೊಂದು ಎಕೋ ಮಾಡಿ ನೋಡೋಣ’ ಎಂದು ವೈದ್ಯರು ಹೇಳಿ ಕಳಿಸುತ್ತಾರೆ. ಚೀಟಿಯಲ್ಲಿ ಮಾತ್ರ ರಾತ್ರಿ ಒಂದು ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್ ಇರುತ್ತದೆ. ಕವಾಟ ಗಟ್ಟಿಯಾಗಿರುವುದಕ್ಕೇ ಈ ಮಾತ್ರೆ ಬರೆದಿದ್ದಾರೆ, ಇದನ್ನು ನುಂಗುತ್ತಿದ್ದರೆ ಅದು ಕರಗುತ್ತದೆ ಎಂದು ಮನೆಯವರು ಲೆಕ್ಕ ಹಾಕಿಕೊಳ್ಳುತ್ತಾರೆ.

ಮಾತ್ರೆ ಬರೆದದ್ದು ಸರಿಯಿರಬಹುದು, ಆದರೆ ಈ ಲೆಕ್ಕ ತಪ್ಪು. ಒಂದು ಕಾಲಕ್ಕೆ ದೊಡ್ಡ ದೊಡ್ಡ ಹೃದ್ರೋಗ ತಜ್ಞರೂ ಇದೇ ಲೆಕ್ಕ ಹಾಕಿದ್ದರು. ಅದನ್ನು ಪರೀಕ್ಷೆಗೆ ಒಡ್ಡಿದಾಗ ಏನಾಯಿತು ಎಂದು ತಿಳಿದರೆ ಚೀಟಿಯಲ್ಲಿರುವ ಮಾತ್ರೆಯ ಕೆಲಸ ಯಾವುದು, ಅದರ ಕೆಲಸವಲ್ಲದ್ದು ಯಾವುದು ಎಂಬುದು ಸ್ಪಷ್ಟವಾಗುತ್ತದೆ.

ಕವಾಟದೊಳಗೆ ನಡೆಯುವುದು

ಹೃದಯದ ಎಡ ಹೃತ್ಕುಕ್ಷಿಯಿಂದ ರಕ್ತ ಮಹಾಪಧಮನಿಗೆ ಹೋಗುವ ಬಾಗಿಲಲ್ಲಿ ಅಯೋರ್ಟಿಕ್ ಕವಾಟವಿದೆ. ಅದಕ್ಕೆ ಮೂರು ಎಸಳು; ಒಂದೊಂದರ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅವು ತೆರೆದು ಮುಚ್ಚಿಕೊಳ್ಳುತ್ತವೆ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಸಳಿರುತ್ತವೆ. ಅಂಥವರ ಕವಾಟದ ಮೇಲೆ ಒತ್ತಡ ಹೆಚ್ಚು, ಕಾಯಿಲೆಯೂ ಹತ್ತಿಪ್ಪತ್ತು ವರ್ಷ ಮೊದಲೇ ಬರುತ್ತದೆ.

ವಯಸ್ಸಾದಂತೆ ಕೆಲವರಲ್ಲಿ ಎಸಳುಗಳು ದಪ್ಪವಾಗಿ ಸುಣ್ಣ ಕಟ್ಟತೊಡಗುತ್ತವೆ. ದಪ್ಪವಾದರೂ ರಕ್ತದ ಹರಿವಿಗೆ ಅಡ್ಡಿಯಾಗದಿದ್ದರೆ ಅದು ಸ್ಕ್ಲೆರೋಸಿಸ್; 65 ವರ್ಷ ದಾಟಿದವರಲ್ಲಿ ಸುಮಾರು ಕಾಲು ಭಾಗದಷ್ಟು ಜನರಲ್ಲಿ ಇದು ಕಾಣುತ್ತದೆ. ಎಸಳು ಬಿರುಸಾಗಿ ಬಾಗಿಲೇ ಕಿರಿದಾದರೆ ಅದು ಸ್ಟೆನೋಸಿಸ್, ರಿಪೋರ್ಟಿನಲ್ಲಿ ‘ಎ.ಎಸ್.’ ಕಿರಿದಾದ ಬಾಗಿಲಿನಿಂದ ಅಷ್ಟೇ ರಕ್ತ ದೂಡಬೇಕಾದ ಹೃದಯದ ಸ್ನಾಯು ಮೊದಲು ದಪ್ಪವಾಗುತ್ತದೆ, ಕೊನೆಗೆ ಸೋಲುತ್ತದೆ.

ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದಲ್ಲ, ಕವಾಟದ ಸುಣ್ಣವೂ ಹಾಗೇ ಎಂದು ಬಹುಕಾಲ ವೈದ್ಯರೇ ಅಂದುಕೊಂಡಿದ್ದರು. ಬಳಸಿ ಬಳಸಿ ಸವೆದ ಭಾಗಕ್ಕೆ ಸುಣ್ಣ ಕೂತಿದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ ಎಂಬ ಭಾವನೆ. ಆ ಭಾವನೆ ಬದಲಾದದ್ದು ಎಸಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ಮೇಲೆ.

ಕೊಲೆಸ್ಟ್ರಾಲ್ ಮೇಲೆ ಅನುಮಾನ ಬಂದದ್ದು

1994ರಲ್ಲಿ ಅಮೆರಿಕದ ಸಿಯಾಟಲ್‌ನ ವೈದ್ಯೆ ಕ್ಯಾಥರಿನ್ ಆಟೊ ಮತ್ತು ಸಂಗಡಿಗರು ಕಾಯಿಲೆಯ ಆರಂಭದ ಹಂತದಲ್ಲಿದ್ದ ಎಸಳುಗಳನ್ನು ಪರೀಕ್ಷಿಸಿದರು. ಬರೀ ಸುಣ್ಣ ಕಾಣಬೇಕಿದ್ದಲ್ಲಿ ಕೊಬ್ಬಿನ ಕಣಗಳಿದ್ದವು. ಆ ಕೊಬ್ಬನ್ನು ನುಂಗಲು ಬಂದ ಬಿಳಿ ರಕ್ತಕಣಗಳಿದ್ದವು. ಉರಿಯೂತದ ಗುರುತುಗಳಿದ್ದವು. ಹೃದಯಾಘಾತ ತರುವ ರಕ್ತನಾಳದ ಕೊಬ್ಬಿನ ಗಡ್ಡೆಯಲ್ಲಿ ಕಾಣುವುದೂ ಹೆಚ್ಚುಕಡಿಮೆ ಇವೇ. ಮುಂದೆ 1997ರಲ್ಲಿ ವೃದ್ಧರ ದೊಡ್ಡದೊಂದು ಸಮೀಕ್ಷೆ ಹೊರಬಂತು. ಕವಾಟ ಕೆಡುವವರಲ್ಲಿ ವಯಸ್ಸಿನ ಜೊತೆಗೆ ಧೂಮಪಾನ, ರಕ್ತದೊತ್ತಡ, ಎಲ್‌ಡಿಎಲ್ ಕೊಲೆಸ್ಟ್ರಾಲ್ ಹೆಚ್ಚಿರುತ್ತವೆ ಎಂದು ಅದು ತೋರಿಸಿತು. ಕೊಲೆಸ್ಟ್ರಾಲ್ ತಿನ್ನಿಸಿದ ಮೊಲಗಳ ಕವಾಟ ಕೆಡುವುದೂ, ಅಟೋರ್ವಾಸ್ಟಾಟಿನ್ ಕೊಟ್ಟರೆ ಆ ಕೆಡುಕು ಕಡಿಮೆಯಾಗುವುದೂ ಪ್ರಯೋಗಾಲಯದಲ್ಲಿ ಕಂಡವು.

ಅಷ್ಟರಲ್ಲಿ ಸ್ಟಾಟಿನ್ ಔಷಧಿಗಳ ಹೆಸರು ಜಗತ್ತಿನಲ್ಲಿ ದೊಡ್ಡದಾಗಿತ್ತು. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಕಂಡುಹಿಡಿದ ಈ ಬಗೆಯ ಔಷಧಿ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಡೆಯುತ್ತದೆ. ಆಗ ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹೆಚ್ಚು ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. 1994ರಲ್ಲೇ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆ, ಸಿಮ್ವಾಸ್ಟಾಟಿನ್‌ನಿಂದ ಸಾವು ಸುಮಾರು 30 ಶೇಕಡ ತಗ್ಗುತ್ತದೆ ಎಂದು ತೋರಿಸಿತ್ತು. ಇದರ ಮುಂದಾಳು ನಾರ್ವೆಯ ತೇರ್ಯೆ ಪೆಡರ್ಸನ್.

ರಕ್ತನಾಳದ ಕಾಯಿಲೆಗೂ ಕವಾಟದ ಕಾಯಿಲೆಗೂ ಬೇರು ಒಂದೇ ಎಂದಾದರೆ ಮದ್ದೂ ಒಂದೇ ಇರಬೇಕಲ್ಲ? ಆಸ್ಪತ್ರೆಗಳ ಹಳೆಯ ಕಡತ ತೆಗೆದು ನೋಡಿದಾಗ ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದವರ ಕವಾಟ ನಿಧಾನವಾಗಿ ಕಿರಿದಾಗುತ್ತಿತ್ತು ಎಂದು 2001ರಿಂದ ಒಂದರ ಹಿಂದೊಂದು ವರದಿ ಬಂದವು. ಆದರೆ ಹಳೆಯ ಕಡತದಲ್ಲಿ ಒಂದು ತೊಡಕಿದೆ. ಮಾತ್ರೆ ತೆಗೆದುಕೊಳ್ಳುವವರೂ ತೆಗೆದುಕೊಳ್ಳದವರೂ ಬೇರೆ ವಿಷಯಗಳಲ್ಲೂ ಬೇರೆಯಾಗಿರುತ್ತಾರೆ. ವೈದ್ಯರನ್ನು ಕಾಣುವುದು, ಬಿ.ಪಿ. ಹತೋಟಿ, ಊಟ, ವಯಸ್ಸು ಎಲ್ಲದರಲ್ಲೂ ವ್ಯತ್ಯಾಸವಿರಬಹುದು. ಕವಾಟ ನಿಧಾನಿಸಿದ್ದು ಮಾತ್ರೆಯಿಂದಲೋ ಇವುಗಳಿಂದಲೋ ಎಂದು ಬಿಡಿಸಲು ಬರುವುದಿಲ್ಲ. ಅದು ತಿಳಿಯಬೇಕಾದರೆ ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಬೇಕು, ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಸಪ್ಪೆ ಮಾತ್ರೆ ಕೊಡಬೇಕು. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ಗೊತ್ತಿರಬಾರದು.

ಮೂರು ಪರೀಕ್ಷೆ, ಒಂದೇ ಉತ್ತರ

ಮೊದಲನೆಯದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದ ‘ಸಾಲ್ಟೈರ್’, 2005ರಲ್ಲಿ ಪ್ರಕಟವಾಯಿತು. ಇದರಲ್ಲಿದ್ದವರು 155 ಮಂದಿ, ಕೊಟ್ಟದ್ದು ದಿನಕ್ಕೆ 80 ಮಿಲಿಗ್ರಾಂ ಅಟೋರ್ವಾಸ್ಟಾಟಿನ್, ಅಂದರೆ ಅತಿ ಹೆಚ್ಚಿನ ಪ್ರಮಾಣ. ಎಲ್‌ಡಿಎಲ್ ಅರ್ಧಕ್ಕಿಳಿಯಿತು. ಕವಾಟದ ಮೂಲಕ ರಕ್ತ ಚಿಮ್ಮುವ ವೇಗ ಮಾತ್ರ ಎರಡೂ ಗುಂಪಿನಲ್ಲಿ ವರ್ಷಕ್ಕೆ ಸೆಕೆಂಡಿಗೆ ಸುಮಾರು 0.2 ಮೀಟರಿನಂತೆ ಒಂದೇ ಸಮ ಏರಿತು.

ಗುಂಪು ಚಿಕ್ಕದು, ಸಮಯ ಕಡಿಮೆ ಎಂಬ ಆಕ್ಷೇಪ ಬಂತು. ಅದಕ್ಕೆ ಉತ್ತರ ಕೊಟ್ಟದ್ದು 2008ರ ‘ಸೀಸ್’ ಪರೀಕ್ಷೆ. ಇದರ ಮುಂದಾಳುಗಳಲ್ಲೂ ಅದೇ ಪೆಡರ್ಸನ್ ಇದ್ದರು. ಯುರೋಪಿನ ಏಳು ದೇಶಗಳ 1,873 ಮಂದಿಗೆ ಸರಾಸರಿ ನಾಲ್ಕು ವರ್ಷಕ್ಕೂ ಮೀರಿ ಸಿಮ್ವಾಸ್ಟಾಟಿನ್ ಮತ್ತು ಎಜೆಟಿಮೈಬ್ ಜೋಡಿಯನ್ನೋ ಸಪ್ಪೆ ಮಾತ್ರೆಯನ್ನೋ ಕೊಟ್ಟರು. ಕೊಲೆಸ್ಟ್ರಾಲಿಗೆ ಬೇರೆ ಕಾರಣದಿಂದಲೇ ಮಾತ್ರೆ ಬೇಕಾಗಿದ್ದವರನ್ನು, ಅಂದರೆ ಸಕ್ಕರೆ ಕಾಯಿಲೆ ಅಥವಾ ಹೃದಯದ ರಕ್ತನಾಳದ ಕಾಯಿಲೆ ಇದ್ದವರನ್ನು, ಸೇರಿಸಿಕೊಳ್ಳಲಿಲ್ಲ. ಅವರಿಗೆ ಸಪ್ಪೆ ಮಾತ್ರೆ ಕೊಡುವುದು ನ್ಯಾಯವಾಗುತ್ತಿರಲಿಲ್ಲ. ಕೊನೆಗೆ ಕವಾಟ ಬದಲಿಸಬೇಕಾಗಿ ಬಂದವರು ಔಷಧಿಯ ಗುಂಪಿನಲ್ಲಿ 28.3 ಶೇಕಡ, ಸಪ್ಪೆ ಮಾತ್ರೆಯ ಗುಂಪಿನಲ್ಲಿ 29.9 ಶೇಕಡ. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಇಲ್ಲ.

ಆದರೆ ಅದೇ ಪರೀಕ್ಷೆಯ ಇನ್ನೊಂದು ಸಾಲು ಗಮನಿಸಬೇಕಾದದ್ದು. ಹೃದಯಾಘಾತ, ಬೈಪಾಸ್‌ನಂಥ ರಕ್ತನಾಳದ ತೊಂದರೆಗಳು ಸಪ್ಪೆ ಮಾತ್ರೆಯವರಲ್ಲಿ 20.1 ಶೇಕಡ ಇದ್ದರೆ ಔಷಧಿ ತೆಗೆದುಕೊಂಡವರಲ್ಲಿ 15.7 ಶೇಕಡಕ್ಕೆ ಇಳಿದಿದ್ದವು. ಒಂದೇ ಮಾತ್ರೆ, ಒಂದೇ ಹೃದಯ. ರಕ್ತನಾಳಕ್ಕೆ ಲಾಭವಾಯಿತು, ಕವಾಟಕ್ಕೆ ಆಗಲಿಲ್ಲ. ಇದೇ ಪರೀಕ್ಷೆಯಲ್ಲಿ ಔಷಧಿಯ ಗುಂಪಿನವರಲ್ಲಿ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡು ಗಾಬರಿಯೂ ಹುಟ್ಟಿತ್ತು. ಇನ್ನೂ ದೊಡ್ಡ ಎರಡು ಪರೀಕ್ಷೆಗಳ ಅಂಕಿಗಳನ್ನು ಕೂಡಿಸಿ ನೋಡಿದಾಗ ಅದಕ್ಕೆ ಆಧಾರ ಸಿಗಲಿಲ್ಲ.

ಮೂರನೆಯದು ಕೆನಡಾದ ‘ಆಸ್ಟ್ರೊನೊಮರ್’, 2010. ರೋಗ ಬಲಿತ ಮೇಲೆ ಮಾತ್ರೆ ಕೊಟ್ಟರೆ ಏನು ಫಲ, ಮೊದಲೇ ಕೊಟ್ಟು ನೋಡಿ ಎಂದವರಿಗೆ ಇದು ಉತ್ತರ. 269 ಮಂದಿ, ವಯಸ್ಸು ಮೊದಲಿನವರಿಗಿಂತ ಕಡಿಮೆ, ಹಲವರಿಗೆ ಎರಡೇ ಎಸಳಿನ ಕವಾಟ, ಔಷಧಿ 40 ಮಿಲಿಗ್ರಾಂ ರೋಸುವಾಸ್ಟಾಟಿನ್. ಕವಾಟದ ಆಚೀಚೆಯ ಒತ್ತಡದ ಅಂತರ ಔಷಧಿಯವರಲ್ಲಿ ವರ್ಷಕ್ಕೆ 6.3, ಸಪ್ಪೆ ಮಾತ್ರೆಯವರಲ್ಲಿ 6.1 ಎಂ.ಎಂ. ಏರಿತು.

ಇದಾದ ಮೇಲೆ ಅಮೆರಿಕದ ಹೃದ್ರೋಗ ಸಂಘಗಳ ಮಾರ್ಗಸೂಚಿ ಸ್ಪಷ್ಟವಾಗಿಯೇ ಹೇಳಿತು: ಕವಾಟ ಕಿರಿದಾಗುವುದನ್ನು ತಡೆಯಲೆಂದು ಸ್ಟಾಟಿನ್ ಕೊಡುವುದರಿಂದ ಪ್ರಯೋಜನವಿಲ್ಲ.

ಯಾಕೆ ಫಲಿಸಲಿಲ್ಲ?

ಕಾಯಿಲೆ ಶುರುವಾಗಲು ಒಂದು ಕಾರಣ, ಮುಂದುವರಿಯಲು ಇನ್ನೊಂದು ಕಾರಣ ಇರಬಹುದು. ಇಲ್ಲಿ ಆಗಿರುವುದು ಅದೇ. ರಕ್ತದ ರಭಸಕ್ಕೆ ಎಸಳಿನ ಮೇಲ್ಪದರಕ್ಕೆ ಪೆಟ್ಟು ಬೀಳುತ್ತದೆ, ಅಲ್ಲಿ ಕೊಬ್ಬು ನುಸುಳುತ್ತದೆ, ಉರಿಯೂತ ಏಳುತ್ತದೆ. ಇಲ್ಲಿಯವರೆಗೆ ರಕ್ತನಾಳಕ್ಕೂ ಕವಾಟಕ್ಕೂ ದಾರಿ ಒಂದೇ. ಮುಂದಿನ ದಾರಿ ಕವಲೊಡೆಯುತ್ತದೆ. ರಕ್ತನಾಳದಲ್ಲಿ ಅಪಾಯ ಇರುವುದು ಮೆತ್ತಗಿನ ಕೊಬ್ಬಿನ ಗಡ್ಡೆ ಒಡೆದು ರಕ್ತ ಹೆಪ್ಪುಗಟ್ಟುವುದರಲ್ಲಿ. ಸ್ಟಾಟಿನ್ ಆ ಗಡ್ಡೆಯನ್ನು ಕುಗ್ಗಿಸಿ, ಒಡೆಯದಂತೆ ಗಟ್ಟಿ ಮಾಡುತ್ತದೆ. ಕವಾಟದಲ್ಲಿ ಒಡೆಯುವಂಥದ್ದು ಏನೂ ಇಲ್ಲ, ಗಟ್ಟಿಯಾಗುವುದೇ ಅಲ್ಲಿಯ ಕಾಯಿಲೆ.

ಅಲ್ಲಿ ಎಸಳಿನೊಳಗಿನ ಜೀವಕೋಶಗಳೇ ಸ್ವಭಾವ ಬದಲಿಸಿ ಮೂಳೆ ಕಟ್ಟುವ ಜೀವಕೋಶಗಳಂತೆ ವರ್ತಿಸತೊಡಗುತ್ತವೆ. ಆಪರೇಷನ್ನಿನಲ್ಲಿ ತೆಗೆದ ಕೆಲವು ಕವಾಟಗಳಲ್ಲಿ ಮಜ್ಜೆ ಸಮೇತ ನಿಜವಾದ ಮೂಳೆಯೇ ಬೆಳೆದಿರುವುದು ಕಂಡಿದೆ. ಒಮ್ಮೆ ಸುಣ್ಣ ಕಟ್ಟಿದರೆ ಎಸಳು ಬಿರುಸಾಗುತ್ತದೆ, ಬಿರುಸಾದ ಎಸಳಿಗೆ ಪೆಟ್ಟು ಇನ್ನೂ ಹೆಚ್ಚು, ಪೆಟ್ಟಿನಿಂದ ಇನ್ನಷ್ಟು ಸುಣ್ಣ. ಈ ಸುತ್ತು ತಿರುಗತೊಡಗಿದ ಮೇಲೆ ಅದಕ್ಕೆ ಕೊಲೆಸ್ಟ್ರಾಲಿನ ಹಂಗಿಲ್ಲ. ಎಕೋದಲ್ಲಿ ಕಾಯಿಲೆ ಕಾಣುವ ಹೊತ್ತಿಗೆ ಹೆಚ್ಚಿನವರಲ್ಲಿ ಇದು ತಿರುಗುತ್ತಲೇ ಇರುತ್ತದೆ.

ಮೂಳೆಯಂತೆ ಬೆಳೆಯುವುದಾದರೆ ಮೂಳೆಯ ಔಷಧಿ ಕೊಡೋಣ ಎಂದು ಎಡಿನ್‌ಬರೋದವರೇ ಇನ್ನೊಂದು ಪರೀಕ್ಷೆ ಮಾಡಿದರು. ಮೂಳೆ ಸವೆತಕ್ಕೆ ಕೊಡುವ ಡೆನೊಸುಮ್ಯಾಬ್ ಮತ್ತು ಅಲೆಂಡ್ರೊನೇಟ್ ಎರಡೂ ಕವಾಟದ ಸುಣ್ಣವನ್ನು ತಡೆಯಲಿಲ್ಲ ಎಂದು 2021ರಲ್ಲಿ ಗೊತ್ತಾಯಿತು. ಹಾಲು, ಮೊಸರು, ರಾಗಿ ಬಿಟ್ಟರೆ ಸುಣ್ಣ ಕಡಿಮೆಯಾದೀತು ಎಂಬ ನಂಬಿಕೆಗೂ ಆಧಾರವಿಲ್ಲ. ಊಟದ ಕ್ಯಾಲ್ಸಿಯಂ ನೇರ ಹೋಗಿ ಕವಾಟದ ಮೇಲೆ ಕೂರುವುದಿಲ್ಲ.

ಎಲ್‌ಡಿಎಲ್ ಪಕ್ಕದ ಇನ್ನೊಂದು ಕೊಬ್ಬು

ಕೊಲೆಸ್ಟ್ರಾಲಿನ ಜಾಡು ಇಲ್ಲಿಗೇ ಮುಗಿಯಲಿಲ್ಲ. ನಾರ್ವೆಯ ಕೋರೆ ಬರ್ಗ್ 1963ರಲ್ಲಿ ಗುರುತಿಸಿದ ಲಿಪೊಪ್ರೊಟೀನ್-ಎ ಎಂಬ ಕಣವಿದೆ. ಎಲ್‌ಡಿಎಲ್‌ಗೆ ಇನ್ನೊಂದು ಪ್ರೊಟೀನ್ ಬಾಲ ಅಂಟಿಕೊಂಡಂಥದ್ದು. ರಕ್ತದಲ್ಲಿ ಇದು ಎಷ್ಟಿರಬೇಕೆಂದು ಬಹುಪಾಲು ನಿರ್ಧಾರವಾಗುವುದು ವಂಶವಾಹಿಯಿಂದ. ಊಟ, ನಡಿಗೆಯಿಂದ ಹೆಚ್ಚೇನೂ ಬದಲಾಗುವುದಿಲ್ಲ. 2013ರಲ್ಲಿ ಸಾವಿರಾರು ಜನರ ವಂಶವಾಹಿ ಜಾಲಾಡಿದ ಸಂಶೋಧಕರಿಗೆ ಕವಾಟದ ಸುಣ್ಣದೊಂದಿಗೆ ಗಟ್ಟಿಯಾಗಿ ನಂಟು ಇದ್ದದ್ದು ಈ ಕಣವನ್ನು ನಿಯಂತ್ರಿಸುವ ವಂಶವಾಹಿಗೇ ಎಂದು ಕಂಡಿತು.

ಸ್ಟಾಟಿನ್ ಸೋತದ್ದಕ್ಕೆ ಇದೂ ಒಂದು ವಿವರಣೆ. ಎಲ್‌ಡಿಎಲ್ ಇಳಿಸುವ ಆ ಮಾತ್ರೆ ಲಿಪೊಪ್ರೊಟೀನ್-ಎ ಇಳಿಸುವುದಿಲ್ಲ. ಇದನ್ನೇ ಗುರಿಯಿಟ್ಟ ಪೆಲಾಕಾರ್ಸೆನ್ ಎಂಬ ಚುಚ್ಚುಮದ್ದು ಆ ಕಣವನ್ನು ಸುಮಾರು 80 ಶೇಕಡದವರೆಗೆ ತಗ್ಗಿಸಬಲ್ಲದು ಎಂದು 2020ರಲ್ಲಿ ತೋರಿಬಂತು. ಅದರಿಂದ ಕವಾಟ ಉಳಿಯುತ್ತದೆಯೇ ಎಂದು ನೋಡಲು ಎ.ಎಸ್. ರೋಗಿಗಳಲ್ಲೇ ಪರೀಕ್ಷೆ ಹಮ್ಮಿಕೊಂಡಿದ್ದಾರೆ. ಪರೀಕ್ಷೆ ಮುಗಿಯುವ ಮೊದಲೇ ನಂಬಿದರೆ ಏನಾಗುತ್ತದೆ ಎಂಬುದನ್ನು ಸ್ಟಾಟಿನ್ ಕಥೆಯೇ ಹೇಳಿದೆ.

ದಕ್ಷಿಣ ಏಷ್ಯಾದವರಲ್ಲಿ ಈ ಕಣ ಬಿಳಿಯರಿಗಿಂತ ಹೆಚ್ಚಿರುತ್ತದೆ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರೋ ಕವಾಟ ಬದಲಿಸಿಕೊಂಡವರೋ ಇದ್ದರೆ ಈ ರಕ್ತಪರೀಕ್ಷೆ ಬೇಕೇ ಎಂದು ಕೇಳಬಹುದು. ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಬಿ.ಪಿ., ಸಕ್ಕರೆ, ಎಲ್‌ಡಿಎಲ್ ಮೂರರ ಮೇಲೂ ಹಿಡಿತ ಇನ್ನಷ್ಟು ಬಿಗಿಯಾಗಬೇಕು.

ಹಾಗಾದರೆ ಮಾತ್ರೆ ಬಿಡಬಹುದೇ?

ಬಿಡಬಾರದು; ಕನಿಷ್ಠ ನೀವಾಗಿಯೇ ಬಿಡಬಾರದು. ಎ.ಎಸ್. ಇರುವ ಹಿರಿಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನರಿಗೆ ಹೃದಯದ ರಕ್ತನಾಳದಲ್ಲೂ ಕೊಬ್ಬು ಕಟ್ಟಿರುತ್ತದೆ. ಸಕ್ಕರೆ ಕಾಯಿಲೆ, ಹಿಂದೆ ಆದ ಹೃದಯಾಘಾತ, ಸ್ಟೆಂಟ್, ಪಾರ್ಶ್ವವಾಯು, ತೀರಾ ಹೆಚ್ಚಿದ ಎಲ್‌ಡಿಎಲ್ ಇವುಗಳಲ್ಲಿ ಯಾವುದಿದ್ದರೂ ಸ್ಟಾಟಿನ್‌ಗೆ ಪ್ರತ್ಯೇಕ ಕಾರಣವಿದೆ, ಅದರ ಲಾಭಕ್ಕೆ ಪುರಾವೆಯೂ ಗಟ್ಟಿಯಾಗಿದೆ. ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಇಷ್ಟೇ: ‘ಈ ಮಾತ್ರೆ ನನ್ನ ರಕ್ತನಾಳಕ್ಕಾ, ಕವಾಟಕ್ಕಾ?’ ರಕ್ತನಾಳಕ್ಕೆ ಎಂದರೆ ಮುಂದುವರಿಸಿ. ಕವಾಟವೊಂದೇ ಕಾರಣ, ಬೇರೆ ಯಾವ ಅಪಾಯವೂ ಇಲ್ಲ ಎಂದಾದರೆ ಮಾತ್ರೆ ಬೇಕೋ ಬೇಡವೋ ಎಂದು ಮತ್ತೊಮ್ಮೆ ಮಾತಾಡಿ.

ಎ.ಎಸ್. ಬಿಟ್ಟು ಇನ್ನೊಂದು ಬಗೆಯ ಕವಾಟದ ಕಾಯಿಲೆ ನಮ್ಮಲ್ಲಿ ಇಂದಿಗೂ ಇದೆ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಕೀಲು ಊದಿ, ಅದೇ ರುಮ್ಯಾಟಿಕ್ ಜ್ವರವಾಗಿ ಮೈಟ್ರಲ್ ಕವಾಟವನ್ನು ಹಾಳು ಮಾಡುವಂಥದ್ದು. ಇಪ್ಪತ್ತು ಮೂವತ್ತರ ಹೆಣ್ಣುಮಕ್ಕಳಲ್ಲಿ, ಎಷ್ಟೋ ಸಲ ಗರ್ಭಿಣಿಯಾದಾಗಲೇ, ಇದು ಪತ್ತೆಯಾಗುತ್ತದೆ. ಇದರ ಮೂಲ ಸೋಂಕು. ಕೊಲೆಸ್ಟ್ರಾಲಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ತಪ್ಪಿಸಬಾರದ್ದು ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು.

ಕವಾಟ ಬದಲಿಸಿ ಲೋಹದ್ದು ಹಾಕಿಸಿಕೊಂಡವರಿಗೆ ಒಂದು ಮಾತು. ನಿಮ್ಮ ಪಾಲಿಗೆ ಒಂದು ದಿನವೂ ತಪ್ಪಬಾರದ ಮಾತ್ರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರೊಮ್. ರೋಸುವಾಸ್ಟಾಟಿನ್‌ನಂಥ ಕೆಲವು ಸ್ಟಾಟಿನ್‌ಗಳು ಅದರ ಪ್ರಭಾವವನ್ನು ಹೆಚ್ಚಿಸಬಲ್ಲವು. ಹಾಗಾಗಿ ಕೊಲೆಸ್ಟ್ರಾಲ್ ಮಾತ್ರೆ ಹೊಸದಾಗಿ ಶುರುವಾದರೆ, ಬದಲಾದರೆ ಅಥವಾ ನಿಂತರೆ ಪಿ.ಟಿ.-ಐ.ಎನ್.ಆರ್. ಪರೀಕ್ಷೆ ಬೇಗ ಮಾಡಿಸಿ.

ರಿಪೋರ್ಟಿನಲ್ಲಿ ನೋಡಬೇಕಾದ ಮೂರು ಅಂಕಿ

ಔಷಧಿ ತಡೆಯದ ಕಾಯಿಲೆಗೆ ಸರಿಯಾದ ಸಮಯಕ್ಕೆ ಕವಾಟ ಬದಲಿಸುವುದೇ ಚಿಕಿತ್ಸೆ. ಆ ಸಮಯ ಯಾವುದು ಎಂದು ತೋರಿಸುವುದು ಎಕೋ ರಿಪೋರ್ಟಿನ ಮೂರು ಅಂಕಿಗಳು.

ಮೊದಲನೆಯದು ‘ಪೀಕ್ ವೆಲಾಸಿಟಿ’, ಕಿರಿದಾದ ಬಾಗಿಲಿನಿಂದ ರಕ್ತ ಚಿಮ್ಮುವ ವೇಗ. ಸೆಕೆಂಡಿಗೆ 2ರಿಂದ 2.9 ಮೀಟರ್ ಇದ್ದರೆ ಮೈಲ್ಡ್, 3ರಿಂದ 3.9 ಮಾಡರೇಟ್, 4 ಅಥವಾ ಹೆಚ್ಚಾದರೆ ಸಿವಿಯರ್. ಎರಡನೆಯದು ‘ಮೀನ್ ಗ್ರೇಡಿಯಂಟ್’, ಕವಾಟದ ಆಚೀಚೆಯ ಒತ್ತಡದ ಸರಾಸರಿ ಅಂತರ. ಇದು 40 ಎಂ.ಎಂ. ತಲುಪಿದರೆ ಸಿವಿಯರ್. ಮೂರನೆಯದು ಬಾಗಿಲಿನ ವಿಸ್ತಾರ. ಆರೋಗ್ಯವಂತರಲ್ಲಿ ಅದು 3ರಿಂದ 4 ಚದರ ಸೆಂಟಿಮೀಟರ್. ಸಾಮಾನ್ಯವಾಗಿ ಒಂದಕ್ಕಿಂತ ಕೆಳಗಿಳಿದರೆ ಸಿವಿಯರ್.

ಮೈಲ್ಡ್ ಇದ್ದವರಿಗೆ 3ರಿಂದ 5 ವರ್ಷಕ್ಕೊಮ್ಮೆ, ಮಾಡರೇಟ್ ಇದ್ದವರಿಗೆ 1ರಿಂದ 2 ವರ್ಷಕ್ಕೊಮ್ಮೆ, ಸಿವಿಯರ್ ಆಗಿಯೂ ಲಕ್ಷಣ ಇಲ್ಲದವರಿಗೆ 6ರಿಂದ 12 ತಿಂಗಳಿಗೊಮ್ಮೆ ಎಕೋ ಬೇಕು. ಹಳೆಯ ರಿಪೋರ್ಟುಗಳನ್ನು ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ, ಪ್ರತಿ ಸಲವೂ ಒಯ್ಯಿರಿ. ಒಂದು ಅಂಕಿಗಿಂತ ಅದು ಎಷ್ಟು ಬೇಗ ಏರುತ್ತಿದೆ ಎಂಬುದು ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಸಿವಿಯರ್ ಆಗಿ ಲಕ್ಷಣವೂ ಶುರುವಾದರೆ ಕಾಯುವಂತಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಕವಾಟ ಬದಲಿಸದೆ ಬಿಟ್ಟರೆ ಉಳಿಯುವುದು ಸರಾಸರಿ 2ರಿಂದ 5 ವರ್ಷ ಎಂದು ಅಮೆರಿಕದ ಜಾನ್ ರಾಸ್ ಮತ್ತು ಯೂಜೀನ್ ಬ್ರಾನ್‌ವಾಲ್ಡ್ 1968ರಲ್ಲೇ ಬರೆದಿದ್ದರು. ಎದೆ ತೆರೆದು ಕವಾಟ ಬದಲಿಸುವ ಶಸ್ತ್ರಚಿಕಿತ್ಸೆ ದಶಕಗಳಿಂದ ಇದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ರೂಪಿಸಿದ ದೇಶೀ ಲೋಹದ ಕವಾಟ 1990ರಿಂದ ಬಳಕೆಯಲ್ಲಿದೆ. ಎದೆ ತೆರೆಯದೆ, ತೊಡೆಯ ಸಂದಿಯ ರಕ್ತನಾಳದ ಮೂಲಕ ಹೊಸ ಕವಾಟ ತೂರಿಸುವ ‘ಟಾವಿ’ ವಿಧಾನವೂ ಈಗ ಇದೆ. ಫ್ರಾನ್ಸಿನ ಆಲಾ ಕ್ರಿಬಿಯೆ 2002ರಲ್ಲಿ ಕ್ಯಾಥೆಟರ್ ಮೂಲಕ ಮೊದಲ ಅಯೋರ್ಟಿಕ್ ಕವಾಟ ಕೂರಿಸಿದರು. ವಯಸ್ಸಾದವರು ಶಸ್ತ್ರಚಿಕಿತ್ಸೆ ತಾಳಲಾರರು ಎಂದು ಕೈಚೆಲ್ಲುವ ಕಾಲ ಹೋಗಿದೆ.

ಗಮನಿಸಬೇಕಾದ ಲಕ್ಷಣಗಳು ಮೂರು: ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಏದುಸಿರು ಬರುವುದು, ನಡೆಯುವಾಗ ಎದೆ ಹಿಡಿದಂತಾಗುವುದು, ಕೆಲಸ ಮಾಡುವಾಗ ಕಣ್ಣು ಕತ್ತಲಿಟ್ಟು ಬೀಳುವುದು. ಹಿರಿಯರು ‘ವಯಸ್ಸಾಯ್ತಲ್ಲ’ ಎಂದು ಮೆಟ್ಟಿಲು ಹತ್ತುವುದನ್ನೇ ಬಿಟ್ಟು ಲಕ್ಷಣವನ್ನು ಮುಚ್ಚಿಬಿಡುತ್ತಾರೆ. ಆದ್ದರಿಂದ ‘ಸುಸ್ತಾಗುತ್ತಾ?’ ಎಂದು ಕೇಳುವ ಬದಲು ‘ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈ ವರ್ಷ ಬಿಟ್ಟಿದ್ದೀರಿ?’ ಎಂದು ಕೇಳಿ. ಸಿವಿಯರ್ ಎ.ಎಸ್. ಇರುವವರಿಗೆ ಎದೆನೋವು ಬಂದಾಗ ಇನ್ನೊಬ್ಬರ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆಯಡಿ ಇಡಬೇಡಿ, ಬಿ.ಪಿ. ಧಿಡೀರನೆ ಕುಸಿಯಬಹುದು. ಈ ಮೂರರಲ್ಲಿ ಒಂದು ಲಕ್ಷಣ ಹೊಸದಾಗಿ ಕಂಡರೂ, ಕೊಲೆಸ್ಟ್ರಾಲ್ ರಿಪೋರ್ಟ್ ಎಷ್ಟೇ ಚೆನ್ನಾಗಿ ಬಂದಿದ್ದರೂ, ಮುಂದಿನ ಎಕೋ ತಾರೀಕಿಗೆ ಕಾಯದೆ ಹೃದ್ರೋಗ ತಜ್ಞರನ್ನು ಕಾಣಿ.